ಬಲಗಡೆ ಎರಡು ಬೆರಳು ತಗ್ಗು

ಕಾರಿನ ಮುಂಭಾಗ ಎತ್ತರಿಸಲು ನನಗಾದ ಖರ್ಚು ಒಟ್ಟು ನೂರ ನಲವತ್ತೆರಡು ರೂಪಾಯಿ. ನೂರರೊಳಗೆ ಮುಗಿಯಬೇಕಾದ ಕೆಲಸ. ಮಿಕ್ಕಿದ್ದು ನಾನು ಚೌಕಾಸಿ ಮಾಡಿದ್ದಕ್ಕೆ ತೆತ್ತ ದಂಡ. ಅದು ಹೇಗಾಯಿತೆಂದು ಹೇಳಿಬಿಡುತ್ತೇನೆ, ನಿಮಗಾದರೂ ಉಳಿಯಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಅರಸೀಕೆರೆ ಸ್ಟೇಷನ್ ಮುಂದೆ ನನ್ನದೊಂದು ಟ್ಯಾಕ್ಸಿ ನಿಲ್ಲುತ್ತಿತ್ತು. ಬೆಳಗಿನ ರೈಲಿನಿಂದ ಇಳಿದವರನ್ನು ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಕರೆದೊಯ್ದು, ದೇವಸ್ಥಾನಗಳನ್ನು ತೋರಿಸಿ, ಸಂಜೆಯ ರೈಲಿಗೆ ತಂದುಬಿಡುವುದು ನನ್ನ ಕೆಲಸ. ಅದಕ್ಕೆ ಮೊದಲು ಹನ್ನೊಂದು ವರ್ಷ ಕೊಬ್ಬರಿ ಮಂಡಿಯಲ್ಲಿದ್ದೆ. ರಾಶಿಯಲ್ಲಿ ಕೂತು ಒಂದೇ ಗಾತ್ರದ, ಒಂದೇ ಬಣ್ಣದ ಕೊಬ್ಬರಿಯನ್ನು ಬೇರೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಆ ದುಡಿಮೆಯಲ್ಲೇ ಉಳಿಸಿ ಈ ಹಳೆಯ ಕಾರು ಕೊಂಡಿದ್ದೆ.

ಅದರ ಮುಂದಿನ ಚಕ್ರಗಳಿಗೆ ಸ್ಪ್ರಿಂಗ್ ಇರಲಿಲ್ಲ. ಬದಲಿಗೆ ಕಾರಿನ ತಳದಲ್ಲಿ ಉದ್ದಕ್ಕೆ ಎರಡು ಉಕ್ಕಿನ ಸಲಾಕೆ, ಎಡಕ್ಕೊಂದು, ಬಲಕ್ಕೊಂದು. ನಾವು ಬಾರ್ ಎನ್ನುತ್ತಿದ್ದೆವು. ಚಕ್ರ ಮೇಲೆದ್ದಾಗ ಬಾರ್ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಂಡು ಚಕ್ರವನ್ನು ಕೆಳಗೆ ತಳ್ಳುತ್ತದೆ. ಹಿಂದಿನ ತುದಿಯನ್ನು ಬಿಗಿ ಮಾಡಿದರೆ ಗಾಡಿ ಏಳುತ್ತದೆ, ಸಡಿಲ ಮಾಡಿದರೆ ಇಳಿಯುತ್ತದೆ. ನನ್ನ ಬಾರ್‌ಗಳು ದಣಿದು, ಎಷ್ಟು ಬಿಗಿ ಮಾಡಿದರೂ ಕಾರಿನ ಹೊಟ್ಟೆ ರಸ್ತೆಯ ಕಲ್ಲಿಗೆ ತಾಗುತ್ತಿತ್ತು. ಎರಡು ವಾರದಲ್ಲಿ ಹಾಸನಕ್ಕೆ ಹೋಗಿ ಬ್ರೇಕ್ ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸಿ ಎಫ್.ಸಿ. ಮಾಡಿಸಬೇಕು. ಅವರು ಪಾಸ್ ಮಾಡದಿದ್ದರೆ ಟ್ಯಾಕ್ಸಿ ಓಡುವಂತಿಲ್ಲ. ಟ್ಯಾಕ್ಸಿ ಓಡದಿದ್ದರೆ ನಾನು ಮತ್ತೆ ಮಂಡಿಯ ರಾಶಿಯ ಮುಂದೆ ಕೂರಬೇಕು.

ಬೆಂಗಳೂರಿನ ಒಂದು ಗುಜರಿ ಅಂಗಡಿಗೆ ಹೋದೆ. ಮಾಲೀಕ ತಂತಿ ಸುತ್ತಿ ಕಟ್ಟಿಟ್ಟಿದ್ದ ಒಂದು ಜೊತೆ ತೋರಿಸಿ ತೊಂಬತ್ತು ಎಂದ. ಅಲ್ಲೇ ಮೂಲೆಯಲ್ಲಿ ಬಿಡಿ ಬಾರ್‌ಗಳ ರಾಶಿ ಬಿದ್ದಿತ್ತು. ರಾಶಿ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಉದ್ದ, ದಪ್ಪ, ತುದಿಯಲ್ಲಿ ಕೊರೆದ ಬಾಣದ ಗುರುತು, ಎಲ್ಲವೂ ಒಂದೇ ಥರ ಇದ್ದ ಎರಡನ್ನು ಆರಿಸಿ, ಐವತ್ತೈದಕ್ಕೆ ಮುಗಿಸಿದೆ. ಮಾಲೀಕ ಏನೋ ಹೇಳಲು ಬಂದ. ಬೆಲೆ ಏರಿಸುತ್ತಾನೆಂದು ನಾನು ಕೇಳಿಸಿಕೊಳ್ಳಲೇ ಇಲ್ಲ.

ಕೂಲಿ ಉಳಿಸಲು ನಾನೂ ಲಾರಿ ಓಡಿಸುತ್ತಿದ್ದ ನನ್ನ ಭಾವಮೈದನೂ ಸೇರಿ ಬಾರ್ ಹಾಕಿದೆವು. ಗಾಡಿ ಎತ್ತರಕ್ಕೆ ನಿಂತಿತು. ಹಳೆಯ ಎರಡನ್ನು ಬಾಣಾವರದ ಕಮ್ಮಾರನಿಗೆ ಹಾರೆ ಮಾಡಲು ಮಾರಿದೆ. ಆಮೇಲೆ ಅರಸೀಕೆರೆಯ ಮೆಕ್ಯಾನಿಕ್ ಮೇಸ್ತ್ರಿಯ ಹತ್ತಿರ ಮುಂದಿನ ಚಕ್ರಗಳು ನೆಟ್ಟಗೆ ನಿಲ್ಲುವಂತೆ ಅಲೈನ್‌ಮೆಂಟ್ ಮಾಡಿಸಿದೆ.

ಎರಡು ಸಲ ಹಳೇಬೀಡಿಗೆ ಹೋಗಿಬರುವಷ್ಟರಲ್ಲಿ ಗಾಡಿ ಬಲಕ್ಕೆ ಎಳೆಯತೊಡಗಿತು. ಬಲಗಡೆ ಎರಡು ಬೆರಳು ತಗ್ಗು. ಬಿಗಿ ಮಾಡಿ ಎತ್ತಿ, ಮತ್ತೆ ಅಲೈನ್‌ಮೆಂಟ್ ಮಾಡಿಸಿದೆ. ಮೂರೇ ದಿನಕ್ಕೆ ಪುನಃ ಇಳಿಯಿತು. ಬಲಗಡೆಯ ಟೈರಿನ ಒಂದು ಅಂಚು ಉಜ್ಜುಗಲ್ಲಿಗೆ ಹಿಡಿದ ಹಾಗೆ ಸವೆದಿತ್ತು.

ಸ್ಟ್ಯಾಂಡಿನಲ್ಲಿದ್ದ ಡ್ರೈವರುಗಳಿಗೆ ಅಷ್ಟು ಸಾಕಾಯಿತು.

"ಏನ್ಲಾ, ನಿನ್ ಗಾಡಿ ಬಲಗಡೆ ಬಗ್ಗಿ ಏನೋ ಹುಡುಕ್ತಾ ಐತಲ್ಲ?"

"ಇವ್ನ ಜೇಬಿಂದ ಒಂದು ಕಾಸು ಉದುರೈತೇನೋ ಕಣ್ಲಾ. ಅದು ಸಿಗೋಗಂಟ ಎದ್ದೇಳಾಕಿಲ್ಲ!"

ಹಾಸನಕ್ಕೆ ಹೋಗಲು ಇನ್ನು ನಾಲ್ಕೇ ದಿನ. ಮೇಸ್ತ್ರಿ ಮೂರನೆಯ ಸಲ ಅಲೈನ್‌ಮೆಂಟ್ ಮಾಡಲು ಒಪ್ಪಲಿಲ್ಲ.

"ಇದು ಅಲೈನ್‌ಮೆಂಟ್ ಕಾಯಿಲೆ ಅಲ್ಲ ಕಣ್ರೀ. ಎತ್ತರ ದಿನಾ ಬದಲಾದ್ರೆ ಚಕ್ರ ಹೆಂಗ್ರೀ ನೆಟ್ಟಗೆ ನಿಲ್ತೈತೆ?" ಎಂದು ಸೀಮೆಎಣ್ಣೆ ಬಟ್ಟೆ ಹಿಡಿದು ಗಾಡಿಯಡಿಗೆ ನುಸುಳಿದರು. ಬಾರ್‌ಗಳ ತುದಿ ಒರೆಸಿ ನನ್ನನ್ನೂ ಕರೆದರು. "ಬನ್ರಿ, ಮಲಕ್ಕೊಳ್ರಿ ಇಲ್ಲಿ. ಈ ಬಾಣ ಯಾವ ಕಡೀಗೈತೆ?"

"ಎಡಕ್ಕೆ."

"ಆ ಕಡೆ ಬಾರಿಂದು?"

"ಅದೂ ಎಡಕ್ಕೆ. ಒಂದೇ ಥರದ್ದು ಮೇಸ್ತ್ರಿ, ಆರಿಸಿ ತಂದಿದ್ದು."

ಅವರು ಮಲಗಿದಲ್ಲೇ ನಕ್ಕರು. "ಚಪ್ಪಲಿ ಅಂಗಡೀಲೂ ಒಂದೇ ಥರದ್ದು ಎರಡು ಆರಿಸ್ಕೊಂಡ್ ಬತ್ತೀರೇನ್ರಿ?"

ಆಗ ತಿಳಿಯಿತು. ಬಾಣ ತೋರಿಸುವುದು ಬಾರ್ ತಿರುಚಿಕೊಳ್ಳಬೇಕಾದ ದಿಕ್ಕನ್ನು. ಎಡದ್ದು ಒಂದು ಕಡೆ ತಿರುಚಿಕೊಂಡರೆ ಬಲದ್ದು ಇನ್ನೊಂದು ಕಡೆ. ನಾನು ತಂದ ಎರಡೂ ಎಡಗಡೆಯವು. ಬಲಕ್ಕೆ ಹಾಕಿದ್ದು ಉಲ್ಟಾ ತಿರುಚಿಕೊಂಡು ದಿನದಿನಕ್ಕೆ ಸೋಲುತ್ತಿತ್ತು. ಹಳೆಯ ಬಲಗಡೆಯದಾದರೂ ಸದ್ಯಕ್ಕೆ ಸಿಕ್ಕೀತೆಂದು ಬಾಣಾವರಕ್ಕೆ ಓಡಿದೆ. ಕಮ್ಮಾರ ಹಾರೆ ಮಾಡಿ ಮಾರಿಯೂ ಆಗಿತ್ತು.

ಬೆಂಗಳೂರಿನಲ್ಲಿ ನಾನು ಬಾಯಿ ಬಿಡುವ ಮೊದಲೇ ಗುಜರಿ ಮಾಲೀಕ, "ಬಲಗಡೇದು ಬೇಕಲ್ವಾ ಯಜಮಾನ್ರೇ?" ಎಂದ.

"ಅವತ್ತೇ ಹೇಳ್ಬಾರ್ದಿತ್ತೇನ್ರೀ?"

"ಹೇಳೋಕೆ ನೀವು ಬಿಟ್ರಾ? ನಾನು ಬಾಯಿ ತೆಗೆದಾಗೆಲ್ಲ ಐದು ರೂಪಾಯಿ ಇಳಿಸ್ತಿದ್ರಿ."

ಕಟ್ಟಿಟ್ಟ ಜೊತೆಯನ್ನು ಬಿಚ್ಚಬೇಕೆಂದು ನಲವತ್ತೆಂಟು ಹೇಳಿದ. ನಾನು ತಂದಿದ್ದ ಉಲ್ಟಾ ಬಾರನ್ನು ಬರೀ ಕಬ್ಬಿಣದ ತೂಕಕ್ಕೆ ತೆಗೆದುಕೊಂಡ. ಎಫ್.ಸಿ.ಗೆ ಮೂರು ದಿನ ಉಳಿದಿದೆಯೆಂದು ಆತುರದಲ್ಲಿ ಬಾಯಿ ಬಿಟ್ಟಿದ್ದೆ, ಇನ್ನು ಇಳಿಸುವುದೆಲ್ಲಿ ಬಂತು? ಕೇಳಿದಷ್ಟು ಕೊಟ್ಟು ಸಂಜೆಯ ರೈಲು ಹಿಡಿದೆ.

ಈ ಸಲ ಮೇಸ್ತ್ರಿಯೇ ಬಾರ್ ಹಾಕಿದರು. ಎತ್ತರವನ್ನು ಅವರು ಕೂಡಲೇ ಅಳೆಯಲಿಲ್ಲ. ಸೀಟುಗಳ ಮೇಲೆ ಐದು ಜನರ ತೂಕಕ್ಕೆ ಕೊಬ್ಬರಿ ಚೀಲ ಹೇರಿಸಿ, "ಹಳೇಬೀಡಿಗಂಟ ಓಡಿಸ್ಕೊಂಡ್ ಬನ್ರಿ, ಮೊದ್ಲು ಅದು ತನ್ನ ಜಾಗ ನೋಡ್ಕೊಳ್ಲಿ" ಎಂದರು. ಮಾರನೆಯ ದಿನ ನನ್ನ ಹಳೆಯ ಮಂಡಿಯ ಸಿಮೆಂಟ್ ಅಂಗಳದಲ್ಲಿ ಗಾಡಿ ನಿಲ್ಲಿಸಿ ಎರಡೂ ಕಡೆ ಅಳೆದೆವು. ಬಲಗಡೆ ಬಾರಿನ ತುದಿಯಲ್ಲಿರುವ ಹಲ್ಲುಗಳಲ್ಲಿ ಒಂದು ಹಲ್ಲಿನಷ್ಟು ಬಿಗಿ ಮಾಡಿದ ಮೇಲೆ ಎರಡೂ ಸಮ ಬಂತು. ಆಮೇಲೆಯೇ ಅಲೈನ್‌ಮೆಂಟ್. ಮುಂದಿನ ಚಕ್ರಗಳ ನಡುವಿನ ಅಂತರ ಹಿಂದುಗಡೆಗಿಂತ ಮುಂದುಗಡೆ ಒಂದು ನೂಲು, ಎಂದರೆ ಅಂಗುಲದ ಎಂಟನೆಯ ಒಂದು ಭಾಗ, ಕಡಿಮೆ ಇಟ್ಟರು.

ಹಾಸನದಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಎದುರಿಗೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. ಬಾನೆಟ್ಟಿನ ಎರಡೂ ಮೂಲೆಗಳನ್ನು ಅದುಮಿದರು.

"ಈ ಟೈರ್ ಯಾಕ್ರೀ ಹಿಂಗೆ ಸವೆದಿದೆ?"

"ಅದು ಹಳೇ ತಪ್ಪು ಸಾರ್. ಈಗ ಸರಿ ಮಾಡ್ಸಿದೀನಿ."

"ಸ್ಟೇರಿಂಗ್ ಬಿಟ್ಟು ಓಡ್ಸಿ, ನೋಡೋಣ."

ನಾನು ಕೈ ಬಿಟ್ಟೆ. ಗಾಡಿ ನೂರು ಗಜ ನೇರ ಹೋಯಿತು. ಟೈರ್ ಬದಲಾಯಿಸಿ ಮಧ್ಯಾಹ್ನ ತಂದು ತೋರಿಸಿ ಎಂದರು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಾಕಿ ತೋರಿಸಿದೆ, ಸಹಿ ಹಾಕಿದರು.

ನೀವು ಇಂಥ ಗಾಡಿ ಇಟ್ಟುಕೊಂಡಿದ್ದರೆ ಒಂದು ಮಾತು ಕೇಳಿ. ಮೊದಲು ಎತ್ತರ ಸರಿಮಾಡಿಸಿ, ಅಲೈನ್‌ಮೆಂಟ್ ಆಮೇಲೆ. ಎತ್ತರವನ್ನು ಎಷ್ಟೇ ಸ್ವಲ್ಪ ಬದಲಾಯಿಸಿದರೂ ಅಲೈನ್‌ಮೆಂಟ್ ಹೊಸದಾಗಿ ಆಗಬೇಕು, ಹಳೆಯದೇ ಇದೆಯಲ್ಲ ಎಂದುಕೊಳ್ಳಬೇಡಿ. ಜ್ಯಾಕ್ ಇಳಿಸಿದ ಕೂಡಲೇ ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ದಿನಾ ಹೊರುವಷ್ಟು ಭಾರ ಹಾಕಿ, ಹತ್ತಾರು ಮೈಲಿ ಓಡಿಸಿ, ಮಟ್ಟವಾದ ನೆಲದಲ್ಲಿ ಅಳೆಯಿರಿ. ಅಳೆಯುವ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿಕೊಳ್ಳಿ. ತಿಂಗಳಿಗೊಮ್ಮೆ ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣುಪಾಗಿ, ಇನ್ನೊಂದು ಕಡೆಗೆ ತರಿಯಾಗಿ ಸಿಕ್ಕಿದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ.