ಸಾಹೇಬ್ರು ಕುಣಿಗಲ್ ಬಿಟ್ಟವ್ರೆ

ನಾನು ಮುತ್ತುರಾಜ್, ಮರಳೂರಲ್ಲಿ ಟ್ಯಾಕ್ಸಿ ಓಡಿಸ್ತೀನಿ. ಪಕ್ಕದ ಮನೆ ಚನ್ನವೀರಯ್ಯನೋರು ಗುಬ್ಬಿ ತಾಲೂಕು ಕಡಬದ ಕಡೆಯೋರು. ತುಮಕೂರಿನ ಒಂದು ದೊಡ್ಡೋರ ಕ್ಲಬ್ಬಲ್ಲಿ ಮಣ್ಣಿನ ಟೆನಿಸ್ ಕೋರ್ಟಿಗೆ ನೀರು ಹಾಕಿ ರೋಲರ್ ಎಳೆಯೋ ಕೆಲಸ ಅವರದ್ದು. ಅವರ ಮಗಳು ಯಶಸ್ವಿನಿ, ನಮಗೆಲ್ಲ ಯಶು. ಬೆಳಕು ಹರಿಯೋ ಹೊತ್ತಿಗೆ ಅಪ್ಪನ ಜೊತೆ ಹೋಗಿ, ಮೆಂಬರುಗಳು ಬಿಸಾಕಿದ ಬೋಳು ಬಾಲನ್ನ ಗೋಡೆಗೆ ಹೊಡೆದೂ ಹೊಡೆದೂ ಆಟ ಕಲಿತವಳು. ಅವರು ಬಂದ ತಕ್ಷಣ ಜಾಗ ಬಿಡಬೇಕು. "ಏಯ್, ನೆಟ್ ಕಟ್ಟಮ್ಮ" ಅಂತಿದ್ದರೇ ಹೊರತು ಒಬ್ಬರೂ ಅವಳ ಹೆಸರು ಹಿಡಿದು ಕರೆದಿದ್ದು ನಾ ಕಾಣೆ.

ಅಂಥವಳು ಹೋದ ವರ್ಷ ಬೆಂಗಳೂರಲ್ಲಿ ದಕ್ಷಿಣ ಭಾರತದ ಮಹಿಳಾ ಟೆನಿಸ್ ಟೂರ್ನಮೆಂಟ್ ಗೆದ್ದುಬಿಟ್ಟಳು. ಯಾರ ಲೆಕ್ಕದಲ್ಲೂ ಇರಲಿಲ್ಲ. ಫೈನಲ್ಲಲ್ಲಿ ಸೋತ ಚೆನ್ನೈ ಹುಡುಗಿ, ಫಾರಿನ್ ಕೋಚ್ ಇಟ್ಕೊಂಡೋಳು, ಕೈ ಕುಲುಕೋವಾಗ ಇವಳ ಮುಖಾನೇ ನೋಡ್ತಿದ್ದಳು. ಗೆದ್ದೋರಿಗೆ ಮುಂದಿನ ಇಂಟರ್‌ನ್ಯಾಷನಲ್ ಟೂರ್ನಮೆಂಟಲ್ಲಿ ಆಡೋ ಚಾನ್ಸ್. ಅದಕ್ಕೆ ಮಾರನೇ ದಿನ ಸಂಜೆ ಆರರೊಳಗೆ ಬೆಂಗಳೂರಲ್ಲಿ ಖುದ್ದು ಸೈನ್ ಹಾಕಬೇಕು.

ಅಷ್ಟರಲ್ಲಿ ಕ್ಲಬ್ ಪ್ರೆಸಿಡೆಂಟ್ ಫೋನು: ನಾಳೆ ಬೆಳಿಗ್ಗೆ ಸನ್ಮಾನ, ಊಟ ಮಾಡ್ಕೊಂಡು ವಾಪಸ್ ಹೋಗ್ಲಿ. ಬರಲ್ಲ ಅಂದ್ರೆ ಅಪ್ಪನ ಕೆಲಸ ಉಳಿಯುತ್ತಾ? ಬಂದಳು.

ಕೋರ್ಟ್ ಮೇಲೇ ಶಾಮಿಯಾನ ಹಾಕಿದ್ದರು. ಚನ್ನವೀರಯ್ಯನೋರು ಜೀವ ತೇದು ಹದ ಮಾಡಿದ ನೆಲಾನ ಕಂಬಕ್ಕೋಸ್ಕರ ಅಗೆದು ಗುಂಡಿ ಮಾಡಿದ್ದರು. ಫ್ಲೆಕ್ಸಲ್ಲಿ ಪ್ರೆಸಿಡೆಂಟ್ ಮುಖ ಬಾಗಿಲಷ್ಟಗಲ, ಯಶುದು ಒಂದು ಮೂಲೇಲಿ. ಗುಬ್ಬಿಯಿಂದ ಯಾವುದೋ ಸಂಘದೋರು ಬಂದ್ರು, ಇನ್ಯಾರೋ ಬಂದ್ರು, ಎಲ್ಲರೂ ಶಾಲು ಹೊದಿಸಿ ಫೋಟೋ ತೆಗೆಸ್ಕೊಂಡ್ರು. ಮುಖ್ಯ ಅತಿಥಿ ಮಾತ್ರ ಪತ್ತೆ ಇಲ್ಲ. ಕೇಳಿದ್ರೆ, "ಸಾಹೇಬ್ರು ಕುಣಿಗಲ್ ಬಿಟ್ಟವ್ರೆ, ಇನ್ನೇನು ಬಂದ್ಬುಟ್ರು." ಊಟದ ಹೊತ್ತಿಗೂ ಕುಣಿಗಲ್ ಬಿಟ್ಟವ್ರೆ, ಮೂರು ಗಂಟೆಗೂ ಕುಣಿಗಲ್ ಬಿಟ್ಟವ್ರೆ. ಕುಣಿಗಲ್ ಏನು ಕಾಶೀಲಿದೆಯೇನ್ರಿ?

ಅವಳನ್ನ ಬೆಂಗಳೂರಿಗೆ ಬಿಡಬೇಕಾಗಿದ್ದು ನಾನೇ. ತಡೆಯಕ್ಕಾಗದೆ ಸ್ಟೇಜ್ ಹತ್ತಿದೆ. "ಏಳಮ್ಮ ಯಶು, ನೆಲಮಂಗಲದ ಟ್ರಾಫಿಕ್ ಬೇರೆ ಇದೆ" ಅಂದೆ. ಅವಳು ಎದ್ದಳು. ಪ್ರೆಸಿಡೆಂಟ್ ನನ್ನ ಕಡೆ ತಿರುಗಲೂ ಇಲ್ಲ, ಕೆಳಗೆ ನಿಂತಿದ್ದ ಅವಳಪ್ಪನ್ನ ನೋಡಿದ.

"ಏನ್ರೀ ಚನ್ನವೀರಯ್ಯ, ಸಾಹೇಬ್ರು ಬರೋ ಹೊತ್ತಿಗೆ ಮಗಳು ಎದ್ದು ಹೋಗ್ತಾಳಾ? ನಾಳೆ ಯಾವ ಮುಖ ಇಟ್ಕೊಂಡು ಕೆಲಸಕ್ಕೆ ಬರ್ತೀರಿ?"

ನಗ್ತಾನೇ ಕೇಳಿದ, ಪಾಪಿ. ಅವರು ಕೈಮುಗಿದು ಮಗಳ ಕಡೆ ನೋಡಿದ್ರು. ಅವಳು ಕೂತಳು. "ಕಾರು ತಿರುಗಿಸಿ ಇಟ್ಟಿರು ಮುತ್ತಣ್ಣ" ಅಂದಳು. ಶಾಲುಗಳ ಮಧ್ಯದಿಂದಲೇ ಟೂರ್ನಮೆಂಟಿನೋರಿಗೆ ಫೋನ್ ಮಾಡಿದಳು. ಖುದ್ದು ಬರದೆ ಆಗಲ್ಲ ಅಂದ್ರಂತೆ.

ಸಾಹೇಬ್ರು ಬಂದಿದ್ದು ಹೊತ್ತು ಇಳಿದ ಮೇಲೆ. "ಈ ತಾಯಿ ಇಷ್ಟಕ್ಕೇ ನಿಲ್ಲಬಾರದು. ಇಂಟರ್‌ನ್ಯಾಷನಲ್ ಆಡಬೇಕು, ತುಮಕೂರಿನ ಹೆಸರು ಬೆಳಗಬೇಕು" ಅಂತ ಭಾಷಣ ಬಿಗಿದ್ರು. ಆಮೇಲೆ ಮೈಕ್ ಅವಳ ಕೈಗೆ ಕೊಟ್ಟರು.

"ಇವತ್ತು ಆರರೊಳಗೆ ಬೆಂಗಳೂರಲ್ಲಿ ಸೈನ್ ಹಾಕಿದ್ರೆ ಆಡ್ತಿದ್ದೆ ಸಾರ್. ಈಗ ಆರು ದಾಟಿದೆ. ಎಲ್ಲರಿಗೂ ನಮಸ್ಕಾರ."

ಚಪ್ಪಾಳೆ ಬಿತ್ತು ನೋಡಿ, ಸಾಹೇಬ್ರಿಗೆ ಬಿದ್ದಿದ್ದಕ್ಕಿಂತ ಜೋರಾಗಿ. ನನಗೆ ಮೈಯೆಲ್ಲ ಉರಿದುಹೋಯ್ತು. ಅಷ್ಟು ಜನದಲ್ಲಿ ಒಬ್ಬನ ಕಿವಿಗಾದರೂ ಆ ಮಾತು ಬಿದ್ದಿರಬೇಕಲ್ವಾ?

ಮಾರನೇ ಬೆಳಿಗ್ಗೆ ಗುಂಡಿ ಮುಚ್ಚೋಕೆ ಅಪ್ಪನ ಜೊತೆ ಅವಳೂ ಹೋದಳು. ಮಣ್ಣಿನ ಮೂಟೆ ಇಳಿಸೋಕೆ ನಾನೂ ಹೋಗಿದ್ದೆ. ಹಿಂದಿನ ದಿನ ಶಾಲು ಹೊದಿಸಿದ್ದ ಮೆಂಬರೊಬ್ಬ ರ‍್ಯಾಕೆಟ್ ಹಿಡ್ಕೊಂಡು ಕಾರಿಂದ ಇಳಿದ.

"ಏಯ್, ನೆಟ್ ಕಟ್ಟಮ್ಮ" ಅಂದ.

ಯಶು ಕೈಗಂಟಿದ ಮಣ್ಣು ಕೊಡವಿ, ಹೋಗಿ ಕಟ್ಟಿದಳು.