ರಟ್ಟಿನಜ್ಜ ಕಟ್ಟಿದ ಮೂರು ಸಂಪುಟ

ಕಳೆದ ತಿಂಗಳು ಹಳೆಯ ನಿಘಂಟೊಂದಕ್ಕೆ ರಟ್ಟು ಹಾಕಿಸಲು ಶಿವಮೊಗ್ಗದ ಒಂದು ಬೈಂಡಿಂಗ್ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಸ್ಟೌವಿನ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಹುಳ ಹಿಡಿಯದಿರಲಿ ಎಂದು ಅದಕ್ಕೆ ಚೂರು ಮೈಲುತುತ್ತ ಬೆರೆಸುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಘಂಟನ್ನೂ ಮರೆತೆ, ಬಂದ ಕೆಲಸವನ್ನೂ ಮರೆತೆ. ಅಂಗಡಿಯವನು ಎರಡು ಸಲ ಕೂಗಿದನಂತೆ... ನಾನು ಆಗ ಶಿಕಾರಿಪುರದಲ್ಲಿ, ರಟ್ಟಿನಜ್ಜನ ಜಗಲಿಯ ಮೇಲಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತು ವಯಸ್ಸು. ನಮ್ಮೂರು ಜಡೆಯಿಂದ ಬಂದು ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿ ಸೇರಿದ್ದೆ. ಒಂಟಿ ಹುಡುಗಿಗೆ ಕೋಣೆ ಕೊಡುವವರು ಊರಲ್ಲಿ ಅಪರೂಪ. ಕೊಟ್ಟವರು ಈ ಅಜ್ಜ. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ದೂರ ಕೊಟ್ಟಿದ್ದರು. ಒಂದು ಸರ್ಕಾರಿ ಕಚೇರಿಯ ರಿಜಿಸ್ಟರು, ಪಹಣಿ, ಕಡತಗಳಿಗೆ ಮೂವತ್ತು ವರ್ಷ ಹೊಲಿಗೆ ಹಾಕಿ ರಟ್ಟು ಕಟ್ಟಿದವರು. ಇಡೀ ಊರೇ ರಟ್ಟಿನಜ್ಜ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಅಕ್ಕೋರು ಎನ್ನುತ್ತಿದ್ದರು, ಅವರ ಕಡೆ ಟೀಚರಮ್ಮಂದಿರನ್ನು ಕರೆಯುವುದೇ ಹಾಗೆ. ಮೊಮ್ಮಗಳ ವಯಸ್ಸಿನವಳಿಗೆ ಆ ಮರ್ಯಾದೆ ಕೇಳಿ ಮೊದಮೊದಲು ನಗು ಬರುತ್ತಿತ್ತು.

ನಾನು ಹೋದ ವರ್ಷವೇ ಕಚೇರಿಯವರು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಕಣ್ಣಿಗೆ ಪೊರೆ ಬಂದಿತ್ತು. ಒಂದು ರಿಜಿಸ್ಟರಿನಲ್ಲಿ ನಾಲ್ಕು ಹಾಳೆಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದರು. ಶಿರಸ್ತೇದಾರರು ಎಲ್ಲರ ಎದುರಿಗೇ, "ಸಾಕು ಅಜ್ಜಾ, ಇನ್ನ ಮನ್ಯಾಗ ಕುಂತು ಜಪ ಮಾಡ್ರಿ" ಅಂದರಂತೆ. ಅಜ್ಜ ಜಪ ಮಾಡಲಿಲ್ಲ. ದಿನವೂ ಬೆಳಿಗ್ಗೆ ಜಗಲಿ ಗುಡಿಸಿ, ಸೂಜಿ, ದಾರ, ಮೇಣ, ಕತ್ತಿ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಕೂರುವರು. ಸಂಜೆ ಎತ್ತಿಡುವರು. ಕಟ್ಟಿಸಲು ಒಬ್ಬರೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಅಕ್ಕನ ಬಾಣಂತನಕ್ಕೆಂದು ಸೊರಬಕ್ಕೆ ಹೋಗಿದ್ದೆ. ಹೆರಿಗೆ ಮಾಡಿಸಿದ ನರ್ಸಮ್ಮ ಕ್ರೈಸ್ತರು, ಕರಾವಳಿ ಕಡೆಯವರು. ಮಾತಿಗೆ ಮಾತು ಬೆಳೆದು, ತೀರಿಹೋದ ಅವರ ಅಪ್ಪನ ಪುಸ್ತಕದ ವಿಷಯ ಬಂತು. ಟ್ರಂಕು ತೆಗೆದು ತೋರಿಸಿದರು. ಅವರ ಶಾಸ್ತ್ರಗ್ರಂಥದ ಹಳೆಯ ಭಾಗ ಅದು, ಯೆಹೂದ್ಯರಿಂದ ಬಂದದ್ದು. ಹೊಸ ಭಾಗ ಬೇರೆಯೇ ಪುಸ್ತಕವಾಗಿ ಚೆನ್ನಾಗಿತ್ತು. ಇದಕ್ಕೆ ಮಾತ್ರ ಗೆದ್ದಲು ಹಿಡಿದು, ಪುಟದ ಅಂಕಿ ಇದ್ದ ಮೂಲೆಗಳೆಲ್ಲ ಹೋಗಿದ್ದವು. ಪರಿವಿಡಿಯೂ ಇಲ್ಲ. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಕಲಸಿಹೋಗಿದ್ದವು.

"ಅಪ್ಪನದ್ದು ಅಂತ ಉಳಿದದ್ದು ಇದೊಂದೇ. ಕಟ್ಟುವವರೇ ಸಿಗುವುದಿಲ್ಲ ಮಾರಾಯ್ತಿ" ಅಂದರು.

"ನಮ್ಮಜ್ಜ ಕಟ್ತಾರೆ" ಅಂದುಬಿಟ್ಟೆ. ಅಜ್ಜನ ಕಣ್ಣಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವರು ಕೊಡುತ್ತಲೂ ಇರಲಿಲ್ಲ. "ಒಂದೇ ಮಾಡಿದರೆ ಎತ್ತಲಿಕ್ಕೆ ಭಾರ, ಎರಡೋ ಮೂರೋ ಮಾಡಲಿ" ಎಂದು ಹೇಳಿ ಸೀರೆಯಲ್ಲಿ ಸುತ್ತಿ ಕೊಟ್ಟರು.

ಗಂಟು ಬಿಚ್ಚಿದಾಗ ಅಜ್ಜನ ಮುಖ ನೋಡಬೇಕಿತ್ತು. ಎರಡೂ ಕೈಯಿಂದ ಹಾಳೆಗಳನ್ನು ಸವರಿದರು. ನಾನು ಬುದ್ಧಿವಂತಳ ಹಾಗೆ, "ನರ್ಸಮ್ಮನಿಗೆ ಒಂದು ಕಾರ್ಡು ಬರೆದು ಯಾವುದರ ಹಿಂದೆ ಯಾವುದು ಅಂತ ಕೇಳ್ತೀನಿ" ಅಂದೆ.

"ಯಾಕ? ಮೂವತ್ತು ವರ್ಸ ಯಾರನ್ನ ಕೇಳೀನಿ? ಕಾಗದ ಓದಿದ್ರ ತನ್ನ ಜಾಗ ತಾನ ಹೇಳ್ತೈತಿ. ನೀವು ಓದ್ರಿ ಅಕ್ಕೋರೆ, ನಾ ಕೇಳ್ತೀನಿ."

ಕೇಳಿ ತಿಳಿದುಕೊಂಡರೆ ಅದು ತನ್ನ ಕೆಲಸವಾಗುವುದಿಲ್ಲ ಎಂಬುದು ಅವರ ಹಟ. ಕಚೇರಿಯ ಮಾತು ಎದೆಯಲ್ಲಿ ನೆಟ್ಟಿತ್ತು. ಈ ಪುಸ್ತಕ ಸರಿಯಾಗಿ ಎದ್ದು ನಿಂತರೆ ತಾನಿನ್ನೂ ಕೆಲಸಗಾರ, ಇಲ್ಲದಿದ್ದರೆ ಜಪ... ಅಷ್ಟೇ.

ಹಾಗೆ ಶುರುವಾಯಿತು ನಮ್ಮ ಓದು. ಶಾಲೆ ಬಿಟ್ಟು ಬಂದು, ಕೈಕಾಲು ತೊಳೆದು, ದೀಪ ಹಚ್ಚುವ ಹೊತ್ತಿನವರೆಗೆ ನಾನು ಓದುವುದು, ಅಜ್ಜ ಗೋಡೆಗೆ ಒರಗಿ ಕೇಳುವುದು. ಪುಣ್ಯಕ್ಕೆ ಪ್ರತಿ ಪುಸ್ತಕವೂ ಹೊಸ ಹಾಳೆಯಲ್ಲಿ ಶುರುವಾಗುತ್ತಿತ್ತು, ಅಧ್ಯಾಯದ ಅಂಕಿಗಳೂ ಇದ್ದವು. ಒಂದೊಂದರ ಒಳಗಿನ ಹಾಳೆ ಜೋಡಿಸುವುದು ಕಷ್ಟವಾಗಲಿಲ್ಲ. ಆದರೆ ಅಂಥ ಮೂವತ್ತೊಂಬತ್ತು ಪುಸ್ತಕಗಳು! ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ತಲೆನೋವು.

ಲೋಕ ಹುಟ್ಟಿದ ಕಥೆಯಿಂದ ಹಿಡಿದು, ಗುಲಾಮರಾಗಿದ್ದ ಜನ ಬಿಡುಗಡೆಯಾಗಿ ಮರುಭೂಮಿಯಲ್ಲಿ ಅಲೆದದ್ದು, ಅವರಿಗೆ ಕಟ್ಟಳೆಗಳು ಸಿಕ್ಕಿದ್ದು, ಇವೆಲ್ಲ ಒಂದರ ಬಾಲ ಹಿಡಿದು ಒಂದು ಬಂದವು. ಐದು ಪುಸ್ತಕ. "ಇದು ಕಾಯ್ದೆ ಕಟ್ಟು. ಕಾಯ್ದೆ ಯಾವಾಗ್ಲೂ ಮೇಲೆ" ಅಂದರು ಅಜ್ಜ. ಅದು ಮೊದಲ ಸಂಪುಟ. ಮುಂದೆ ಹನ್ನೆರಡು ಕುಲಗಳಿಗೆ ಭೂಮಿ ಹಂಚಿದ ಅಧ್ಯಾಯಗಳು ಬಂದಾಗಂತೂ ಎದ್ದು ಕೂತರು. ಆ ಹಳ್ಳದಿಂದ ಈ ಗುಡ್ಡದವರೆಗೆ, ಆ ಊರಿನಿಂದ ಈ ಊರಿನವರೆಗೆ ಎಂದು ನಾನು ಆಕಳಿಸುತ್ತಾ ಓದಿದರೆ, ಅವರು "ಹೂಂ, ಚಕ್ಕುಬಂದಿ ಬರದಾನ, ಮುಂದ" ಅನ್ನುವರು. ಹೊಲದ ನಾಲ್ಕೂ ಎಲ್ಲೆ ಬರೆದಿಡುವ ಜನರ ಮೇಲೆ ಅವರಿಗೆ ಬಹಳ ಗೌರವ.

ಒಂದು ಸಂಜೆ ಸಿಕ್ಕಿಬಿದ್ದೆ. ಒಂದು ಪುಸ್ತಕದ ಶುರುವಿನಲ್ಲಿ ಬರೀ ಹೆಸರುಗಳು. ಇಂಥವನ ಮಗ ಇಂಥವನು, ಅವನ ಮಗ ಇನ್ನೊಬ್ಬ, ಹಾಳೆಗಟ್ಟಲೆ. ನಾಲಿಗೆ ಹೊರಳದೆ ಎರಡು ಹಾಳೆ ಹಾರಿಸಿದೆ.

"ಅಕ್ಕೋರೆ, ಹಾಳಿ ತಿರುವಿದ ಸಪ್ಪಳ ಕೇಳಿಸ್ತು, ಓದಿದ್ದು ಕೇಳಿಸ್ಲಿಲ್ಲ."

"ಬರೀ ಹೆಸರು ಅಜ್ಜಾ."

"ಪಹಣ್ಯಾಗ ಇರೋದೂ ಬರೀ ಹೆಸರ. ಒಂದು ಬಿಟ್ರ ಒಬ್ಬರ ಹೊಲ ಹೋಕ್ಕೈತಿ. ಹಿಂದಕ್ಕ ಹೋಗ್ರಿ."

ಹಿಂದಕ್ಕೆ ಹೋದೆ. ಮುಂದೆ ಓದುತ್ತಾ ಹೋದರೆ, ಅದರಲ್ಲಿ ಇದ್ದದ್ದು ನಾವು ಆಗಲೇ ಓದಿ ಮುಗಿಸಿದ್ದ ರಾಜರ ಕಥೆಯೇ. "ಇದು ನಕಲು" ಎಂದು ತೀರ್ಪು ಕೊಟ್ಟರು ಅಜ್ಜ. "ನಕಲು ಎಲ್ಲದರ ಕೊನಿಗೆ ಇಡಬೇಕು." ಹಾಗೆಯೇ ಇಟ್ಟರು.

ಓದಿಗೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಹಿಡಿಯಿತು. ಪ್ರವಾದಿಗಳ ಪುಸ್ತಕಗಳಲ್ಲಿ ಕೆಲವು, ಇಂಥ ರಾಜನ ಕಾಲದಲ್ಲಿ ಎಂದೇ ಶುರುವಾಗುತ್ತಿದ್ದವು. ಒಳಗೆಲ್ಲ ರಾಜನಿಗೂ ಉಳ್ಳವರಿಗೂ ಬೈಗುಳ, ಬಡವರ ಪರ ಕೂಗು. ಅಜ್ಜ ತೊಡೆ ತಟ್ಟಿ, "ಇವು ತಕರಾರು ಅರ್ಜಿ! ಯಾರ ಕಾಲದ್ದೋ ಅವರ ದಫ್ತರದ ಬೆನ್ನಿಗೇ ಇರಬೇಕು" ಅಂದರು. ರಾಜರ ಕಥೆಗಳ ಹಿಂದೆ ಅವುಗಳನ್ನು ಸೇರಿಸಿ, ಸಣ್ಣ ಸಣ್ಣ ಅರ್ಜಿಗಳನ್ನು ಒಂದೇ ದಾರದಲ್ಲಿ ಕಟ್ಟಿದರು. ಅದು ಎರಡನೇ ಸಂಪುಟ. ಉಳಿದದ್ದು ಹಾಡು, ಶೋಕಗೀತೆ, ಹಿರಿಯರ ಬುದ್ಧಿಮಾತು, ಬೂದಿಯ ಮೇಲೆ ಕೂತು ದೇವರ ಜೊತೆಗೇ ವಾದಕ್ಕೆ ಇಳಿದವನ ಗೋಳು, ಅತ್ತೆಯನ್ನು ಬಿಟ್ಟುಹೋಗದೆ ಹೊಲದಲ್ಲಿ ಬಿದ್ದ ತೆನೆ ಆಯ್ದ ವಿಧವೆ ಸೊಸೆಯ ಕಥೆ. ಈ ಸೊಸೆಯ ಕಥೆಯನ್ನು ಅಜ್ಜ ಇನ್ನೊಮ್ಮೆ ಓದಿಸಿದರು. "ಇದು ಒಂದು ಮನಿ ಸುದ್ದಿ, ರಾಜರ ನಡುವ ಯಾಕ ಹಾಕ್ಲಿ" ಎಂದು ಅದನ್ನು ಮೂರನೆಯದಕ್ಕೆ ಸೇರಿಸಿದರು. ನಾನು ದಾರ ಪೋಣಿಸಿ ಕೊಟ್ಟೆ, ಅವರು ಬೆರಳಿನಿಂದಲೇ ಮಡಿಕೆ ನೋಡಿ ಹೊಲಿದರು. ಮುಗಿದ ಮೇಲೆ ನಾನು ಒಂದೊಂದೇ ಹಾಳೆ ತಿರುವಿ ನೋಡಿದೆ. ಒಂದೂ ತಲೆಕೆಳಗಾಗಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಅಜ್ಜ ಒಗೆದ ಧೋತರ ಉಟ್ಟಿದ್ದರು. ನರ್ಸಮ್ಮ ಮೊದಲು ರಟ್ಟು ಸವರಿ ಹಿಗ್ಗಿದರು. ಆಮೇಲೆ ತೆರೆದರು. ಎರಡನೆಯದನ್ನು ತೆರೆದಾಗ ಮುಖ ಬದಲಾಯಿತು. ಮೂರನೆಯದಕ್ಕೆ ಬಂದಾಗ ಕಣ್ಣಲ್ಲಿ ನೀರು.

"ಇದೆಂತ ಮಾಡಿದ್ದು ನೀವು? ಅಪ್ಪನ ಪುಸ್ತಕ ಹೀಗೆ ಇರಲಿಲ್ಲ. ಎಲ್ಲಾ ಅಡಿಮೇಲು!"

ಇದು ಕಾಯ್ದೆ, ಇದು ಅರ್ಜಿ, ಇದು ನಕಲು ಎಂದು ನಾನು ಏನೋ ತೊದಲಿದೆ. ಅಜ್ಜ ಕೈಮುಗಿದು, "ತಪ್ಪಾಗಿದ್ರ ಬಿಚ್ಚಿ ಕಟ್ತೀನ್ರಿ ತಾಯಿ" ಎಂದಷ್ಟೇ ಹೇಳಿದರು. ಮುಂದಿನ ವಾರ ಪಾದ್ರಿಗಳು ಪ್ರಾರ್ಥನೆಗೆ ಬರುತ್ತಾರೆ, ಅವರಿಂದ ಸರಿಯಾದ ಪಟ್ಟಿ ಬರೆಸಿ ಕಳಿಸುತ್ತೇನೆ ಎಂದರು ನರ್ಸಮ್ಮ. ಸಂಪುಟಗಳನ್ನು ಅವರಲ್ಲೇ ಬಿಟ್ಟು ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅಜ್ಜ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮರುದಿನ ಜಗಲಿಯಲ್ಲಿ ಸೂಜಿಯೂ ಇರಲಿಲ್ಲ, ದಾರವೂ ಇರಲಿಲ್ಲ. ಎಲ್ಲ ಗೋಣಿಚೀಲ ಸೇರಿದ್ದವು. ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಒಂದು ಕಾರ್ಡು ಬರೆದಿದ್ದರೆ ಮುಗಿಯುತ್ತಿತ್ತು.

ಅದಾದ ಎಂಟು ದಿನಕ್ಕೆ, ಸೋಮವಾರ, ಮಧ್ಯಾಹ್ನದ ಬಿಡುವಿಗೆ ಊಟಕ್ಕೆ ಬಂದಿದ್ದೆ. ಸೊರಬದ ಬಸ್ಸಿನಿಂದ ಇಳಿದ ನರ್ಸಮ್ಮ ನಮ್ಮ ಬೀದಿಯಲ್ಲಿ ಬಿರುಸಾಗಿ ಬರುತ್ತಿದ್ದರು, ಹಿಂದೆ ಬಿಳಿ ಗಡ್ಡದ ಒಬ್ಬ ಪಾದ್ರಿ, ಎದೆಗೆ ಅವುಚಿಕೊಂಡ ಮೂರು ಸಂಪುಟ. ಬಿಚ್ಚಿಸಲು ಬಂದರು ಅಂದುಕೊಂಡು ನನ್ನ ಜೀವ ಹಾರಿತು.

ಪಾದ್ರಿ ಜಗಲಿಯ ನೆಲದ ಮೇಲೆಯೇ ಕೂತರು. "ಇದನ್ನು ಕಟ್ಟಿದವರು ನೀವೋ? ಹೀಗೆ ಕಟ್ಟಬೇಕೆಂದು ನಿಮಗೆ ಹೇಳಿದವರು ಯಾರು?"

"ಯಾರೂ ಇಲ್ರಿ. ತಪ್ಪು ನಂದ."

"ತಪ್ಪಲ್ಲ ಯಜಮಾನರೇ! ನಮ್ಮ ಸಾಲು ಬೇರೆ, ನಿಜ. ಆದರೆ ಈ ಗ್ರಂಥ ಮೊದಲು ಯಾರದೋ ಆ ಯೆಹೂದ್ಯರು ಇದನ್ನು ಮೂರು ಭಾಗ ಮಾಡಿಯೇ ಇಟ್ಟುಕೊಂಡಿದ್ದಾರೆ. ಮೊದಲು ಧರ್ಮಶಾಸ್ತ್ರ, ಐದು ಪುಸ್ತಕ. ಆಮೇಲೆ ಪ್ರವಾದಿಗಳು, ರಾಜರ ಕಥೆಯೂ ಅದರಲ್ಲೇ. ಸಣ್ಣ ಪ್ರವಾದಿಗಳ ಹನ್ನೆರಡು ಪುಸ್ತಕವನ್ನು ಅವರೂ ಒಂದೇ ಎಂದು ಎಣಿಸುತ್ತಾರೆ. ಕೊನೆಗೆ ಬರಹಗಳು. ನೀವು ನಕಲು ಅಂದಿರಂತಲ್ಲ, ಅವರು ಅದನ್ನು ಇಟ್ಟಿರುವುದೂ ಕಟ್ಟಕಡೆಗೇ! ನಾನು ಹೀಬ್ರೂ ಕಲಿಯಲು ನಾಲ್ಕು ವರ್ಷ ಕಷ್ಟಪಟ್ಟು ತಿಳಿದದ್ದನ್ನು ನೀವು ಈ ಜಗಲಿಯಲ್ಲಿ ಕೂತು ಕಂಡುಕೊಂಡಿದ್ದೀರಿ."

ಬೀದಿಯಲ್ಲಿ ಜನ ಸೇರಿದರು. ಊಟಕ್ಕೆ ಹೊರಟಿದ್ದ ಶಿರಸ್ತೇದಾರರೂ ಕೊಡೆ ಮಡಿಚಿ ನಿಂತರು.

ಅಜ್ಜ ಬೆನ್ನು ನೆಟ್ಟಗೆ ಮಾಡಿದರು. "ಹಂಗಾರ ಅವರ ಕಚೇರ್ಯಾಗೂ ಒಬ್ಬ ಶಾಣ್ಯಾ ದಫ್ತರದಾವ ಇದ್ದ ಅನ್ರಿ!"

ಪಾದ್ರಿ ನಕ್ಕ ನಗೆಗೆ ಜಗಲಿ ತುಂಬಿತು. "ಒಂದೆರಡು ಕಡೆ ಮಾತ್ರ ವ್ಯತ್ಯಾಸ. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದ ಪ್ರವಾದಿ ಎರಡನೆಯದರಲ್ಲಿ ಇರಬೇಕಿತ್ತು, ನೀವು ಮೂರನೆಯದಕ್ಕೆ ಹಾಕಿದ್ದೀರಿ."

"ಅಂವ ಎಲ್ಲಿ ತಕರಾರು ಕೊಟ್ಟಾನ್ರಿ? ಕಳಿಸಿದ ಕೆಲಸ ಬಿಟ್ಟು ಹಡಗು ಹತ್ತಿ ಓಡಿಹೋದ. ಅರ್ಜಿ ಕಟ್ಟಿಗೆ ಹೆಂಗ ಹಾಕ್ಲಿ?" ಅಜ್ಜ ಒಂದಿಂಚೂ ಬಗ್ಗಲಿಲ್ಲ. ಯೆಹೂದ್ಯರದ್ದೇ ತಪ್ಪು ಎನ್ನುವ ಧಾಟಿ!

ನರ್ಸಮ್ಮ ಅಜ್ಜನ ಎರಡೂ ಕೈ ಹಿಡಿದುಕೊಂಡು ಅತ್ತರು. ಹೀಗೇ ಇರಲಿ, ಅಪ್ಪ ಇದ್ದಿದ್ದರೆ ಕುಣಿಯುತ್ತಿದ್ದರು ಅಂದರು. ನಾನೂ ಅತ್ತೆ, ನಾಚಿಕೆ ಬಿಟ್ಟು. ಶಾಲೆಗೆ ಅರ್ಧ ಗಂಟೆ ತಡವಾಗಿ ಹೋಗಿ ಹೆಡ್ಮಾಸ್ತರರಿಂದ ಬೈಸಿಕೊಂಡೆ, ಒಂದು ಮಾತೂ ಕಿವಿಗೆ ಹೋಗಲಿಲ್ಲ. ಶಿರಸ್ತೇದಾರರು ಮರುದಿನವೇ ಗುಮಾಸ್ತರೊಬ್ಬರ ಕೈಯಲ್ಲಿ ಕಲಸಿಹೋದ ಹಳೆಯ ಕಡತಗಳನ್ನು ಕಳಿಸಿದರು. ಹೊಲಿಗೆಗಲ್ಲ, ಹೊಂದಿಸಿ ಕೊಡುವುದಕ್ಕೆ. ಗುಮಾಸ್ತರು ಓದಬೇಕು, ಅಜ್ಜ ಜಾಗ ಹೇಳಬೇಕು. ಅಜ್ಜ ಗೋಣಿಚೀಲ ಬಿಚ್ಚಿದರು.

ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ನನಗೆ ವರ್ಗವಾಯಿತು. ಅಜ್ಜ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ಕಳೆದ ಮೇಲೆ. ಕೊನೆಯ ಸಲ ನೋಡಲು ಆಗಲಿಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ. ನರ್ಸಮ್ಮನೂ ವರ್ಗವಾಗಿ ಎಲ್ಲಿಗೋ ಹೋದರು. ಬರೆದ ಕಾಗದಗಳು ತಿರುಗಿ ಬಂದವು... ಆ ಸಂಪುಟಗಳು ಏನಾದವೋ. ಆ ಗ್ರಂಥದ ಪರಿಚಯ ಮಾಡಿಕೊಡುವ ಪುಸ್ತಕಗಳನ್ನು ಆಮೇಲೆ ಎಷ್ಟೋ ಓದಿದೆ. ಅಜ್ಜನ ಹಾಗೆ ಪರಿಚಯಿಸಿದವರು ಇನ್ನೊಬ್ಬರಿಲ್ಲ.

ಎಲ್ಲೋ ಯಾರದೋ ಮನೆಯ ಅಟ್ಟದ ಮೇಲೆ ಅವು ಇರಬಹುದು. ತಿಳಿದವರೊಬ್ಬರು ತೆರೆದು ನೋಡಿ, ಯಾರೋ ದಡ್ಡ ಅಡಿಮೇಲು ಕಟ್ಟಿದ್ದಾನೆ ಎಂದು ತಲೆ ಆಡಿಸುತ್ತಿರಬಹುದು. ನೆನೆದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ. ಇದನ್ನು ಓದುವವರ ಮನೆಯಲ್ಲೇನಾದರೂ ಅಂಥ ಮೂರು ಸಂಪುಟ ಇದ್ದರೆ, ದಯವಿಟ್ಟು ಬಿಚ್ಚಬೇಡಿ. ಅದು ಸರಿಯಾಗಿದೆ.