ಕಾರ್ಡಮ್ಮನ ಗುಟ್ಟು
ಬೀದಿಯವರೆಲ್ಲ ಕಾರ್ಡಮ್ಮ ಎಂದೇ ಕರೆಯುವ ಈಕೆಯ ಪರ್ಸಿನಲ್ಲಿ ಹದಿನೇಳು ಅಂಗಡಿಗಳ ಪಾಯಿಂಟ್ ಕಾರ್ಡುಗಳಿವೆ. ಪಾಯಿಂಟು ಬೇಕು, ಆದರೆ ಗುಟ್ಟು ಬಿಟ್ಟುಕೊಡುವ ಜಾಯಮಾನ ಅವರದಲ್ಲ. ಚಪ್ಪಲಿ ಅಂಗಡಿಗೊಂದು, ಬಟ್ಟೆ ಅಂಗಡಿಗೊಂದು ಹುಟ್ಟಿದ ದಿನ ಹೇಳಿ, ವರ್ಷಕ್ಕೆ ಒಂಬತ್ತು ಸಲ ಹುಟ್ಟಿ ಒಂಬತ್ತು ಸಲ ರಿಯಾಯಿತಿ ಪಡೆಯುತ್ತಾರೆ. ಕೌಂಟರಿನವಳು ವಯಸ್ಸು ಕೇಳಿದರೆ, "ಸೋಪು ಕೊಳ್ಳೋಕೂ ಜಾತಕ ಬೇಕೇನಮ್ಮ?" ಎಂದು ಬಾಯಿ ಮುಚ್ಚಿಸುತ್ತಾರೆ. "ನೀನು ಕೊಳ್ಳೋ ಸಾಮಾನು ನೋಡಿಯೇ ಮನೆ ಸಮಾಚಾರವೆಲ್ಲ ತಿಳ್ಕೋತಾರಮ್ಮ" ಎಂದು ಮಗಳು ಹೆದರಿಸಿದ ಮೇಲಂತೂ, ಸಕ್ಕರೆ ಕಾಯಿಲೆ ಬಯಲಾಗದಿರಲೆಂದು ಮಾತ್ರೆಯ ಜೊತೆಗೊಂದು ಚಾಕೊಲೇಟೂ ಕೊಳ್ಳುತ್ತಾರೆ. ದಿನಸಿ ಅಂಗಡಿಯ ಕಾರ್ಡು ಮಾತ್ರ ಮನೆಯ ಯಜಮಾನರ ಹೆಸರಿನಲ್ಲಿದೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಆದರೂ ತಿಂಗಳಿಗೊಮ್ಮೆ ಕಾರ್ಡಮ್ಮ ಆ ಕಾರ್ಡು ತೋರಿಸಿ ಶೇವಿಂಗ್ ಬ್ಲೇಡು ತರುತ್ತಾರೆ. ಮಗಳು ಗದರಿದರೆ, "ಅವರಿಲ್ಲ ಅನ್ನೋದು ಅಂಗಡಿಯವರಿಗೆ ಯಾಕೆ ಗೊತ್ತಾಗಬೇಕು?" ಎನ್ನುತ್ತಾರೆ.